ಆ ಬಟ್ಟೆ ಹಾಕ್ಕೊಂಡು ಶಾಲೆಗೆ ಹೋಗ್ತೀಯಾ?

ಮಕ್ಕಳ ಓದು, ಮೊಬೈಲ್, ನಿದ್ದೆ ಎಲ್ಲ ಮಾತಾಡಿ ಮುಗಿದ ಮೇಲೆ, ಕುರ್ಚಿಯಿಂದ ಏಳುವ ಹೊತ್ತಿಗೆ ಅಪ್ಪ ಅಮ್ಮಂದಿರು ಬಟ್ಟೆಯ ಮಾತು ತೆಗೆಯುತ್ತಾರೆ. 'ಇನ್ನೊಂದಿದೆ ಮೇಡಂ, ಚಿಕ್ಕ ವಿಷಯ' ಅನ್ನುತ್ತಾರೆ. ಮತ್ತೆ ಕೂತು ಅರ್ಧ ಗಂಟೆ ಅದನ್ನೇ ಹೇಳುತ್ತಾರೆ. ಹದಿಹರೆಯದ ಮಕ್ಕಳ ಆಪ್ತಸಮಾಲೋಚಕಿಯಾಗಿ ನನಗೂ ಅದು ಚಿಕ್ಕದು ಅನ್ನಿಸುವುದಿಲ್ಲ. ದಿನಾ ಬೆಳಿಗ್ಗೆ ಜಗಳವಾಡಿಕೊಂಡೇ ಮನೆಯಿಂದ ಹೊರಡುವುದು ಯಾರಿಗೆ ತಾನೇ ಹಿತ?

ಯೂನಿಫಾರ್ಮ್ ಇದ್ದರೆ ಈ ತಲೆನೋವೇ ಇರುವುದಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಯೂನಿಫಾರ್ಮ್ ಇಲ್ಲದ ಕಡೆ ಹರಿದ ಜೀನ್ಸ್‌ಗೆ ಜಗಳ. ಇರುವ ಕಡೆ ಸ್ಕರ್ಟನ್ನು ಸೊಂಟದಲ್ಲಿ ಎರಡು ಸುತ್ತು ಮಡಚಿ ಗಿಡ್ಡ ಮಾಡಿದ್ದಕ್ಕೆ, ಪ್ಯಾಂಟನ್ನು ಕಾಲಿಗೆ ಅಂಟುವಷ್ಟು ಟೈಟ್ ಮಾಡಿಸಿದ್ದಕ್ಕೆ, ಟೈ ಗಂಟು ಎದೆಯ ತನಕ ಇಳಿದಿದ್ದಕ್ಕೆ ಜಗಳ. ಎಲ್ಲರಿಗೂ ಒಂದೇ ಬಟ್ಟೆ ಕೊಟ್ಟರೆ, ಅದನ್ನು ತೊಡುವ ರೀತಿಯಲ್ಲೇ ಮಕ್ಕಳು 'ನಾನು ಬೇರೆ' ಅಂತ ತೋರಿಸಿಕೊಳ್ಳುತ್ತಾರೆ.

ಅಪ್ಪ ಅಮ್ಮ ಮತ್ತು ಹದಿಹರೆಯದ ಮಕ್ಕಳ ದಿನನಿತ್ಯದ ಜಗಳಗಳನ್ನು ಅಮೆರಿಕದ ಮನೋವಿಜ್ಞಾನಿ ಜುಡಿತ್ ಸ್ಮೆಟಾನಾ 1980ರ ದಶಕದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅವರು ಕಂಡಿದ್ದು ನನ್ನ ಕೋಣೆಯಲ್ಲೂ ದಿನಾ ಕಾಣುತ್ತದೆ. ಬಟ್ಟೆ, ತಲೆಗೂದಲು, ರೂಮಿನ ಅವ್ಯವಸ್ಥೆ, ಇವೆಲ್ಲ ಹೆತ್ತವರ ಕಣ್ಣಿಗೆ ನಾಲ್ಕು ಜನರ ನಡುವೆ ಇರಬೇಕಾದ ರೀತಿ ನೀತಿ. ಮಕ್ಕಳ ಕಣ್ಣಿಗೆ ಅವು ತಮ್ಮ ಸ್ವಂತ ವಿಷಯ. ಕದಿಯಬೇಡ, ಯಾರಿಗೂ ಹೊಡೆಯಬೇಡ ಅಂದರೆ ಇದೇ ಮಕ್ಕಳು ತಕರಾರು ಮಾಡುವುದಿಲ್ಲ. ಅದನ್ನು ಹೇಳುವ ಹಕ್ಕು ದೊಡ್ಡವರಿಗೆ ಇದೆ ಎಂದು ಒಪ್ಪುತ್ತಾರೆ. ಬಟ್ಟೆಯ ವಿಷಯದಲ್ಲಿ ಆ ಹಕ್ಕನ್ನೇ ಒಪ್ಪುವುದಿಲ್ಲ. ಹಾಗಾಗಿ ಜಗಳ ನಡೆಯುತ್ತಿರುವುದು ಪ್ಯಾಂಟಿನ ಮೇಲಲ್ಲ, ತೀರ್ಮಾನ ಯಾರದ್ದು ಅನ್ನುವುದರ ಮೇಲೆ. ಇದು ಗೊತ್ತಿಲ್ಲದೆ ಪ್ಯಾಂಟಿನ ಬಗ್ಗೆ ಎಷ್ಟು ವಾದ ಮಾಡಿದರೂ ಮುಗಿಯುವುದಿಲ್ಲ.

ಅದಕ್ಕೇ ನಾನು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಆಗದಿರುವುದು ಶಾಲೆಯ ನಿಯಮ ಮುರಿಯುತ್ತದೆ ಅಂತಲೋ, ಮಗುವಿಗೆ ಅಪಾಯ ಅಂತಲೋ, ಅಥವಾ ಸುಮ್ನೆ ನಿಮಗೆ ಇಷ್ಟವಿಲ್ಲ ಅಂತಲೋ? ಸ್ವಲ್ಪ ಹೊತ್ತು ಯೋಚಿಸಿ, ಹೆಚ್ಚಿನವರು ಮೂರನೆಯದನ್ನೇ ಒಪ್ಪಿಕೊಳ್ಳುತ್ತಾರೆ. ಇಷ್ಟವಿಲ್ಲದಿರುವುದು ತಪ್ಪೇನಲ್ಲ. ಅದನ್ನು ಹಾಗೆಯೇ ಹೇಳಬಹುದು. 'ನಂಗೆ ಇದು ಚೆನ್ನಾಗಿ ಕಾಣಲ್ಲ, ಆದ್ರೆ ಹಾಕ್ಕೊಳ್ಳೋದು ನಿನ್ನಿಷ್ಟ.' ಇಷ್ಟು ಹೇಳಿ ನಿಲ್ಲಿಸಬೇಕು. ನಿಲ್ಲಿಸುವುದೇ ಕಷ್ಟ, ಗೊತ್ತು. ಅಭಿರುಚಿಯನ್ನು ನಿಯಮದ ಹಾಗೆ ಹೇರಿದಾಗ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಆಮೇಲೆ ನಿಜವಾದ ನಿಯಮ ಹೇಳಿದರೂ ಅದಕ್ಕೆ ಬೆಲೆ ಇರುವುದಿಲ್ಲ.

ಅಪಾಯದ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಸೈಕಲ್ ಚಕ್ರಕ್ಕೆ ಸಿಕ್ಕುವಂಥ ಜೋಲುವ ಬಟ್ಟೆ, ಪ್ರಯೋಗಾಲಯದಲ್ಲಿ ಬರ್ನರ್ ಮುಂದೆ ಸಿಂಥೆಟಿಕ್ ದುಪಟ್ಟಾ, ಮೈ ನಡುಗುವ ಚಳಿಯಲ್ಲಿ ತೆಳು ಅಂಗಿ. ಕಾರಣ ಒಂದು ಸಾಲಿನಲ್ಲಿ ಹೇಳಿ, ಮುಗಿಸಿ.

ಶಾಲೆಯ ನಿಯಮವನ್ನು ಜಾರಿ ಮಾಡುವ ಕೆಲಸ ಶಾಲೆಯದ್ದು. ನೀವು ಮನೆ ಬಾಗಿಲಲ್ಲಿ ನಿಂತು ಮಾಡಬೇಕಾಗಿಲ್ಲ. 'ಇದು ನಿಮ್ಮ ಸ್ಕೂಲಲ್ಲಿ ನಡೆಯಲ್ಲ ಅನ್ಸುತ್ತೆ, ನೋಡ್ಕೋ' ಎಂದು ಒಮ್ಮೆ ಹೇಳಿದರೆ ಸಾಕು. ಶಾಲೆಯವರು ಬೈದರೆ ಬೈಸಿಕೊಳ್ಳಲಿ. ಅಲ್ಲಿಂದ ಬಂದ ಮೇಲೆ 'ನಾನು ಹೇಳಿರಲಿಲ್ವಾ' ಅನ್ನಬೇಡಿ. ಆದರೆ ನಿಯಮವೇ ಸರಿ ಇಲ್ಲ ಎಂದು ಮಗು ಹೇಳಿದರೆ ಪೂರ್ತಿ ಕೇಳಿ. ಕೆಲವು ನಿಯಮಗಳು ನಿಜಕ್ಕೂ ಸರಿ ಇರುವುದಿಲ್ಲ. ಆಟದ ದಿನ ಹುಡುಗಿಯರು ಸ್ಕರ್ಟಿನಲ್ಲೇ ಓಡಬೇಕು ಅನ್ನುವುದಕ್ಕೆ ಏನು ಅರ್ಥ? ಅಂಥ ಕಡೆ ಮಗುವಿನ ಕೈಯಲ್ಲೇ ಶಾಲೆಗೊಂದು ಪತ್ರ ಬರೆಸಿ, ಕೆಳಗೆ ನೀವೂ ಸಹಿ ಹಾಕಿ. ಬೆನ್ನ ಹಿಂದೆ ನಿಯಮ ಮುರಿಯುವುದಕ್ಕಿಂತ ಮುಖಾಮುಖಿ ಪ್ರಶ್ನಿಸುವುದನ್ನು ಮಗು ಕಲಿಯುತ್ತದೆ.

ಇನ್ನು ಕನ್ನಡಿಯ ಮುಂದಿನ ಆ ನಲವತ್ತು ನಿಮಿಷ. ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಹದಿಹರೆಯದವರಿಗೆ ತಾವು ಸದಾ ವೇದಿಕೆಯ ಮೇಲಿದ್ದೇವೆ, ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಆ ಪ್ರೇಕ್ಷಕರು ಇರುವುದು ಅವರ ಕಲ್ಪನೆಯಲ್ಲಿ. ದೊಡ್ಡವರಾದ ಮೇಲೂ ಇದು ಪೂರ್ತಿ ಹೋಗುವುದಿಲ್ಲ. ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಆ ಚಿತ್ರವನ್ನು ಗಮನಿಸಿರುತ್ತಾರೆ ಎಂದು ಟೀ ಶರ್ಟ್ ಹಾಕಿದ್ದವರು ಊಹಿಸಿದರು. ನಿಜಕ್ಕೂ ಗಮನಿಸಿದ್ದವರು ಸುಮಾರು ಕಾಲು ಭಾಗ. ಈ ಕಥೆಯನ್ನು ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಇಷ್ಟಪಡುತ್ತಾರೆ. ಆದರೆ 'ನಿನ್ನನ್ನ ಯಾರೂ ನೋಡಲ್ಲ, ಹೋಗು' ಅಂದರೆ ಅವಮಾನ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಕೆಲವು ಸಲ ಬಟ್ಟೆಯ ಹಠದ ಹಿಂದೆ ದೇಹ ಇರುತ್ತದೆ. ಬೆಳವಣಿಗೆಯ ವೇಗ ಹುಡುಗಿಯರಲ್ಲಿ ಸಾಮಾನ್ಯವಾಗಿ 11-12ರ ಹೊತ್ತಿಗೆ, ಹುಡುಗರಲ್ಲಿ 13-14ರ ಹೊತ್ತಿಗೆ ಅತಿ ಹೆಚ್ಚು. ಆಗ ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಎತ್ತರವಾಗುವುದುಂಟು. ಮೊದಲು ಪಾದ, ಆಮೇಲೆ ಕೈಕಾಲು, ಕೊನೆಗೆ ಎದೆ, ಬೆನ್ನಿನ ಭಾಗ ಬೆಳೆಯುತ್ತದೆ. ಬೇಸಿಗೆ ರಜೆಗೆ ಮುಂಚೆ ಸರಿಯಾಗಿದ್ದ ಅಂಗಿ ಶಾಲೆ ಶುರುವಾಗುವಾಗ ಕಂಕುಳಲ್ಲಿ ಹಿಡಿಯುತ್ತದೆ. ಹೇಳಲು ನಾಚಿಕೆ, ಅದಕ್ಕೆ 'ನಂಗೆ ಇದು ಇಷ್ಟ ಇಲ್ಲ' ಅನ್ನುತ್ತಾರೆ. ಸೊಂಟಕ್ಕೆ ಜಾಕೆಟ್ ಕಟ್ಟಿಕೊಂಡು ಹೋಗುವ ಹುಡುಗಿ ಸ್ಟೈಲ್ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತೇವೆ. ಮುಟ್ಟಿನ ಕಲೆ ಕಂಡುಬಿಟ್ಟೀತು ಎಂಬ ಭಯ ಅದು ಇರಬಹುದು. ಸೆಕೆಯಲ್ಲೂ ಸ್ವೆಟರ್ ತೆಗೆಯದ ಹುಡುಗನ ಕಥೆ ಬೇರೆ. ಪ್ರಾಯಕ್ಕೆ ಬರುವಾಗ ಸುಮಾರು ಅರ್ಧದಷ್ಟು ಹುಡುಗರಿಗೆ ಎದೆ ಸ್ವಲ್ಪ ಊದಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಇದು ಸಹಜ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಅಪ್ಪ ಒಂದು ಸಂಜೆ ಸಹಜವಾಗಿ ಹೇಳಿಬಿಟ್ಟರೆ ಸ್ವೆಟರಿನ ಜಗಳ ಅರ್ಧ ಮುಗಿದ ಹಾಗೆ.

ಅಂಗಿಯ ಲೇಬಲ್, ಒಳಗಿನ ಹೊಲಿಗೆ, ಬಿಗಿ ಕಾಲರ್ ತಡೆಯಲಾಗದ ಮಕ್ಕಳೂ ಇದ್ದಾರೆ. ಆಟಿಸಂ ಇರುವ ಮಕ್ಕಳಲ್ಲಿ ಇದು ಜಾಸ್ತಿ. ಅದು ಹಠ ಅಲ್ಲ. ಲೇಬಲ್ ಬಿಚ್ಚಿ ಕೊಡಿ.

ಹುಡುಗಿಯರ ಬಟ್ಟೆಯ ಬಗ್ಗೆ ನನಗೆ ಒಂದು ಗಟ್ಟಿ ಅಭಿಪ್ರಾಯವಿದೆ. 'ಹುಡುಗರು ನೋಡ್ತಾರೆ, ಸರಿಯಾಗಿ ಹಾಕ್ಕೋ' ಎಂದು ಮಗಳಿಗೆ ಹೇಳುವುದನ್ನು ಬಿಡಬೇಕು. ಇನ್ನೊಬ್ಬರ ನಡತೆಯ ಹೊಣೆ ನಿನ್ನದು ಎಂದು ಅವಳಿಗೆ ಕೇಳಿಸುತ್ತದೆ. ಮುಂದೊಮ್ಮೆ ಯಾರಾದರೂ ನಿಜಕ್ಕೂ ಕೆಟ್ಟದಾಗಿ ನಡೆದುಕೊಂಡರೆ, ತಪ್ಪು ತನ್ನ ಬಟ್ಟೆಯದ್ದೇ ಇರಬೇಕು ಅಂದುಕೊಂಡು ಮನೆಯಲ್ಲಿ ಹೇಳದೆ ಮುಚ್ಚಿಡುತ್ತಾಳೆ. ಅವಳು ಬಂದು ಹೇಳುವ ದಾರಿ ತೆರೆದಿರುವುದು ಸ್ಕರ್ಟಿನ ಉದ್ದಕ್ಕಿಂತ ಮುಖ್ಯ. ಇನ್ನೊಂದು, ಅಪ್ಪಂದಿರು ತಾವು ಮಾತಾಡದೆ ಅಮ್ಮನ ಬಾಯಲ್ಲಿ ಹೇಳಿಸುತ್ತಾರೆ. 'ಅವಳಿಗೆ ಹೇಳು, ಅದು ಬೇಡ ಅಂತ.' ಮಗಳು ಪಕ್ಕದ ಕೋಣೆಯಲ್ಲೇ ಇರುತ್ತಾಳೆ, ಎಲ್ಲ ಕೇಳಿಸಿಕೊಳ್ಳುತ್ತಾಳೆ. ಅಪ್ಪ ತನ್ನಿಂದ ದೂರ ಸರಿದ ಅಂದುಕೊಳ್ಳುತ್ತಾಳೆ.

ಮಾತಾಡುವ ಸಮಯ ಬೆಳಿಗ್ಗೆ ಅಲ್ಲವೇ ಅಲ್ಲ. ಬಸ್ಸು ಬರುವ ಹೊತ್ತಿನಲ್ಲಿ ಯಾರ ತಲೆಯೂ ತಣ್ಣಗಿರುವುದಿಲ್ಲ. ರಜೆಯ ದಿನ, ಬಟ್ಟೆ ಕೊಳ್ಳುವ ಮುಂಚೆ ಕೂರಿ. ಇಷ್ಟು ದುಡ್ಡು, ಇದರಲ್ಲಿ ಇಷ್ಟು ಜೊತೆ ಬೇಕು, ಶಾಲೆಯ ನಿಯಮ ಇದು ಎಂದು ಮುಂದಿಡಿ. ಆಯ್ಕೆ ಮಗುವಿನದ್ದಾಗಲಿ. ದುಬಾರಿ ಬ್ರ್ಯಾಂಡ್ ಬೇಕೆಂದರೆ ಇಷ್ಟರಲ್ಲೇ ಹೊಂದಿಸಿಕೊಳ್ಳಲಿ. ಒಂದು ಶೂಗೆ ಎಲ್ಲ ಖರ್ಚು ಮಾಡಿ, ಅದೇ ಎರಡು ಅಂಗಿಯನ್ನು ತಿಂಗಳುಗಟ್ಟಲೆ ಒಗೆದು ಹಾಕಿಕೊಂಡ ಮಕ್ಕಳಿದ್ದಾರೆ. ಏನೂ ಆಗಿಲ್ಲ ಅವರಿಗೆ.

ಬ್ಯಾಗಿನಲ್ಲಿ ಇನ್ನೊಂದು ಬಟ್ಟೆ ಸಿಕ್ಕಿತು, ದಾರಿಯಲ್ಲಿ ಬದಲಾಯಿಸುತ್ತಾಳೆ ಎಂದು ಗಾಬರಿಯಾಗಿ ಬರುವವರಿದ್ದಾರೆ. ಮನೆಯ ನಿಯಮ ಅಭಿರುಚಿಯ ತನಕ ಬಿಗಿಯಾಗಿದೆ ಅನ್ನುವುದಕ್ಕೆ ಸಾಮಾನ್ಯವಾಗಿ ಅದು ಸೂಚನೆ. ಬ್ಯಾಗ್ ತಪಾಸಣೆ ಶುರು ಮಾಡಿದರೆ ಬಟ್ಟೆ ಗೆಳತಿಯ ಬ್ಯಾಗಿಗೆ ಹೋಗುತ್ತದೆ, ಅಷ್ಟೇ.

ನಾನು ನಿಜಕ್ಕೂ ಕಿವಿ ನೆಟ್ಟಗೆ ಮಾಡಿ ಕೇಳುವುದು ಬೇರೆ ವಿಷಯಗಳನ್ನು. ವಿಚಿತ್ರ ಬಟ್ಟೆ ನನಗೆ ಚಿಂತೆಯಲ್ಲ. ಏಕಾಏಕಿ ಬದಲಾವಣೆ ಚಿಂತೆ. ಅಲಂಕಾರ ಇಷ್ಟಪಡುತ್ತಿದ್ದವಳು ವಾರಗಟ್ಟಲೆ ಕೊಳಕು ಬಟ್ಟೆಯಲ್ಲೇ ಇದ್ದು, ಸ್ನಾನ ಬಿಟ್ಟು, ಗೆಳತಿಯರನ್ನೂ ಬಿಟ್ಟರೆ ಖಿನ್ನತೆ ಇರಬಹುದು. ದೊಗಲೆ ಬಟ್ಟೆಯ ಜೊತೆಗೆ ಊಟವೂ ತಪ್ಪುತ್ತಿದ್ದು, ಸದಾ ಚಳಿ ಅನ್ನುತ್ತಿದ್ದರೆ ತೂಕ ನೋಡಿಸಿ. ಶರ್ಟ್ ಯಾವಾಗಲೂ ಒಂದು ಕಡೆ ಇಳಿದಿದ್ದು, ಒಂದು ಭುಜ ಮೇಲಿದ್ದರೆ 'ನೆಟ್ಟಗೆ ನಿಲ್ಲು' ಎಂದು ಗದರುವ ಬದಲು ಡಾಕ್ಟರಿಗೆ ತೋರಿಸಿ. ಬೆನ್ನುಮೂಳೆ ಓರೆಯಾಗುವುದು ಇದೇ ವಯಸ್ಸಿನಲ್ಲಿ ಬೇಗ ಹೆಚ್ಚುತ್ತದೆ. ಪದೇ ಪದೇ ಬಟ್ಟೆ ಹರಿದುಕೊಂಡು ಬಂದರೆ, ಸ್ವೆಟರ್ 'ಕಳೆದುಹೋದರೆ', ಶಾಲೆಯಲ್ಲಿ ಯಾರೋ ಕಾಡುತ್ತಿರಬಹುದು.

ಬೇಸಿಗೆಯಲ್ಲೂ ತುಂಬು ತೋಳು ಬಿಚ್ಚದೆ, ಮಣಿಕಟ್ಟು ಮುಚ್ಚಿಕೊಳ್ಳುವ ಮಗು ಗಾಯ ಮರೆಮಾಡುತ್ತಿರಬಹುದು, ತಾನೇ ಮಾಡಿಕೊಂಡ ಗಾಯ. ಎಲ್ಲರೂ ಅಲ್ಲ, ಆದರೆ ಕೇಳಲೇಬೇಕು. ತೋಳು ಎಳೆದು ನೋಡಬೇಡಿ. ಇಬ್ಬರೇ ಇರುವಾಗ, ಮೆಲ್ಲಗೆ, ನೇರವಾಗಿ ಕೇಳಿ: 'ಕೈಗೆ ಏನಾದ್ರೂ ಮಾಡ್ಕೊಂಡಿದ್ದೀಯಾ ಕಂದಾ? ಬೈಯಲ್ಲ, ಹೇಳು.' ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಎಂದು ಹೆದರಬೇಡಿ. ಹೌದು ಅಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಗಾಯ ತೊಳೆದು ಕಟ್ಟಿ. ಸಾಯುವ ಯೋಚನೆ ಬರುತ್ತದಾ ಎಂದೂ ಕೇಳಿ. ಬರುತ್ತದೆ ಅಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ಆ ವಾರದೊಳಗೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.