ಫಾರ್ ವಿಮೆನ್ ಸ್ಕಾಟ್ಲೆಂಡ್ ತೀರ್ಪು: ಸೆಕ್ಷನ್ 9ರ ಗಂಟು ಬಿಡಿಸುವುದು

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಕೊಟ್ಟ ತೀರ್ಪು ಇದು. ಐವರು ನ್ಯಾಯಮೂರ್ತಿಗಳದ್ದೂ ಒಂದೇ ಮಾತು. ಮೊದಲು ಪ್ರಶ್ನೆಯನ್ನು ಸರಿಯಾಗಿ ಬರೆದುಕೊಳ್ಳಿ. 2010ರ ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂದರೆ ಯಾರು? ಲಿಂಗ ಬದಲಾದದ್ದನ್ನು ಕಾನೂನು ಒಪ್ಪಿ ಕೊಡುವ ಲಿಂಗತ್ವ ಮಾನ್ಯತಾ ಪ್ರಮಾಣಪತ್ರ ಪಡೆದ ಟ್ರಾನ್ಸ್ ಮಹಿಳೆ (ಹುಟ್ಟಿನಲ್ಲಿ ಗಂಡು ಎಂದು ದಾಖಲಾಗಿ ಮಹಿಳೆಯಾಗಿ ಬದುಕುವವರು) ಅದರಲ್ಲಿ ಸೇರುತ್ತಾರಾ? ಕೋರ್ಟ್ ಮುಂದಿದ್ದದ್ದು ಇಷ್ಟೇ. ಹೊರಗೆ ನಡೆಯುತ್ತಿರುವ ದೊಡ್ಡ ಚರ್ಚೆಯನ್ನು ತಾನು ತೀರ್ಮಾನಿಸುತ್ತಿಲ್ಲ ಅಂತ ಕೋರ್ಟೇ ಹೇಳಿದೆ.

ಹಿನ್ನೆಲೆ ಬೇಗ ನೋಡೋಣ. ಸಾರ್ವಜನಿಕ ಮಂಡಳಿಗಳಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಅಂತ ಸ್ಕಾಟ್ಲೆಂಡ್ 2018ರಲ್ಲಿ ಕಾಯ್ದೆ ತಂದಿತು. ಅದರ ವ್ಯಾಖ್ಯೆ ಟ್ರಾನ್ಸ್ ಮಹಿಳೆಯರನ್ನೂ ಒಳಗೊಂಡಿತ್ತು. ಅಂಥ ವ್ಯಾಖ್ಯೆ ಮಾಡುವ ಅಧಿಕಾರ ಸ್ಕಾಟ್ಲೆಂಡಿಗಿಲ್ಲ ಅಂತ 2022ರಲ್ಲಿ ಅದು ಬಿದ್ದುಹೋಯಿತು. ಆಮೇಲೆ ಸರ್ಕಾರ ಮಾರ್ಗಸೂಚಿ ಬದಲಿಸಿ, ಪ್ರಮಾಣಪತ್ರ ಇರುವ ಟ್ರಾನ್ಸ್ ಮಹಿಳೆಯರು ಸೇರುತ್ತಾರೆ ಎಂದಿತು. ಇದನ್ನು ಪ್ರಶ್ನಿಸಿದ ಫಾರ್ ವಿಮೆನ್ ಸ್ಕಾಟ್ಲೆಂಡ್ ಸಂಘಟನೆ ಸ್ಕಾಟ್ಲೆಂಡಿನ ಕೋರ್ಟುಗಳಲ್ಲಿ ಎರಡು ಹಂತ ಸೋತು, ಲಂಡನ್ನಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು.

ಈಗ ಅಸಲಿ ಗಂಟು. 2004ರ ಲಿಂಗತ್ವ ಮಾನ್ಯತಾ ಕಾಯ್ದೆಯ ಸೆಕ್ಷನ್ 9(1) ಪ್ರಕಾರ, ಪ್ರಮಾಣಪತ್ರ ಸಿಕ್ಕ ಮೇಲೆ ಆ ವ್ಯಕ್ತಿಯ ಲಿಂಗ ‘ಎಲ್ಲ ಉದ್ದೇಶಗಳಿಗೂ’ ಬದಲಾಗುತ್ತದೆ. ಎಲ್ಲ ಅಂದ ಮೇಲೆ ಮುಗೀತಲ್ವಾ? ನಾನು ಜಾಸ್ತಿ ಹೊತ್ತು ನಿಂತದ್ದು ಇಲ್ಲೇ. ಬಿಡಿಸುವ ಎಳೆ 9(3)ರಲ್ಲಿದೆ. ಈ ನಿಯಮ ಇದೇ ಕಾಯ್ದೆಯ ಅಥವಾ ಬೇರೆ ಶಾಸನಗಳ ಅವಕಾಶಗಳಿಗೆ ಒಳಪಟ್ಟಿದೆ ಅಂತ ಅದು ಹೇಳುತ್ತದೆ.

ನಮ್ಮ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956 ಓದಿದ್ದವರಿಗೆ ಇದು ಸುಲಭ. ಸೆಕ್ಷನ್ 12ರಂತೆ ದತ್ತು ಹೋದ ಮಗು ‘ಎಲ್ಲ ಉದ್ದೇಶಗಳಿಗೂ’ ದತ್ತು ತಂದೆ ತಾಯಿಯ ಮಗುವೇ. ಆದರೂ ಹುಟ್ಟಿದ ಮನೆಯ ಕಡೆ ಯಾರನ್ನು ಮದುವೆಯಾಗುವಂತಿರಲಿಲ್ಲವೋ, ದತ್ತು ಹೋದ ಮೇಲೂ ಅವರನ್ನು ಆಗುವಂತಿಲ್ಲ. ಅಂದರೆ ‘ಎಲ್ಲ’ ಅಂತ ಬರೆದ ನಿಯಮಕ್ಕೂ ಅಪವಾದ ಇರಬಹುದು.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ದತ್ತಕ ಕಾಯ್ದೆ ಅಪವಾದವನ್ನು ಬಾಯಿಬಿಟ್ಟು ಹೇಳುತ್ತದೆ. ಸಮಾನತಾ ಕಾಯ್ದೆಯ ‘ಮಹಿಳೆ’ ವ್ಯಾಖ್ಯೆ ಪ್ರಮಾಣಪತ್ರದ ಮಾತೇ ಎತ್ತುವುದಿಲ್ಲ. ಹಾಗೆ ಎತ್ತಲೇಬೇಕಿಲ್ಲ ಎನ್ನುವುದೇ ತೀರ್ಪಿನ ತಿರುವು. ಆ ಕಾಯ್ದೆಯ ಪದ, ಸಂದರ್ಭ, ಉದ್ದೇಶ ಮೂರನ್ನೂ ಕೂಡಿಸಿ ಓದಿದಾಗ 9(1) ಹೊಂದಿಕೊಳ್ಳದಿದ್ದರೆ 9(3) ಕೆಲಸ ಮಾಡುತ್ತದೆ.

ಎಲ್ಲಿ ಹೊಂದುವುದಿಲ್ಲ? ಹುಟ್ಟಿನಲ್ಲಿ ಹೆಣ್ಣು ಎಂದು ದಾಖಲಾದ ಒಬ್ಬ ಟ್ರಾನ್ಸ್ ಪುರುಷ ಪ್ರಮಾಣಪತ್ರ ಪಡೆದಿದ್ದಾರೆ, ಗರ್ಭಿಣಿಯೂ ಆಗಿದ್ದಾರೆ ಅಂದುಕೊಳ್ಳಿ. ಬಸಿರಾದ ಕಾರಣಕ್ಕೆ ಕೆಲಸದಿಂದ ತೆಗೆದರೆ ರಕ್ಷಿಸುವುದು ಸಮಾನತಾ ಕಾಯ್ದೆಯ ಸೆಕ್ಷನ್ 18. ಆದರೆ ಅದು ‘ಮಹಿಳೆ’ ಎನ್ನುತ್ತದೆ. 9(1) ಹಚ್ಚಿದರೆ ಇವರು ಕಾನೂನಿನ ಕಣ್ಣಲ್ಲಿ ಪುರುಷ, ರಕ್ಷಣೆ ಕೈತಪ್ಪುತ್ತದೆ. ಸಂಸತ್ತು ಇದನ್ನು ಬಯಸಿರಲು ಸಾಧ್ಯವಿಲ್ಲ. ಒಂದೇ ಪದಕ್ಕೆ ಒಂದೇ ಕಾಯ್ದೆಯಲ್ಲಿ ಸೆಕ್ಷನ್ನಿಗೊಂದು ಅರ್ಥ ಕೊಡಲೂ ಆಗದು. ಹಾಗಾಗಿ ಇಡೀ ಕಾಯ್ದೆಗೆ ಹುಟ್ಟಿನ ಲಿಂಗವೇ ಅನ್ವಯ ಎಂದು ಕೋರ್ಟ್ ತೀರ್ಮಾನಿಸಿತು. ಇಡೀ ತೀರ್ಪಿನಲ್ಲಿ ನನಗೆ ಹೆಚ್ಚು ಗಟ್ಟಿ ಅನಿಸಿದ ವಾದ ಇದು.

ಪ್ರಮಾಣಪತ್ರ ಸುಮ್ನೆ ಕಾಗದವಾಯಿತು ಅಂತ ಮಾತ್ರ ಬರೆಯಬೇಡಿ. ಮದುವೆಯಂಥ ವಿಷಯಗಳಲ್ಲಿ 9(1) ಹಾಗೇ ಇದೆ. ಲಿಂಗ ಪರಿವರ್ತನೆಯ ಕಾರಣಕ್ಕೆ ತಾರತಮ್ಯ ಮಾಡಿದರೆ ಸಮಾನತಾ ಕಾಯ್ದೆಯ ಸೆಕ್ಷನ್ 7ರ ರಕ್ಷಣೆ ಇದೆ, ಅದಕ್ಕೆ ಪ್ರಮಾಣಪತ್ರವೂ ಬೇಡ. ಮಹಿಳೆ ಎಂದೇ ಭಾವಿಸಿ ಟ್ರಾನ್ಸ್ ಮಹಿಳೆಗೆ ಅನ್ಯಾಯ ಮಾಡಿದರೆ ಲಿಂಗ ತಾರತಮ್ಯದ ದೂರನ್ನೂ ಕೊಡಬಹುದು. ಆದರೂ ಮಹಿಳೆಯರಿಗಷ್ಟೇ ಮೀಸಲಾದ ವಾರ್ಡು, ಶೌಚಾಲಯದ ಬಾಗಿಲಲ್ಲಿ ಟ್ರಾನ್ಸ್ ಮಹಿಳೆಯರು ಕಳೆದುಕೊಳ್ಳುವುದು ಚಿಕ್ಕದಲ್ಲ. ಸೆಕ್ಷನ್ 7 ಆ ಬಾಗಿಲು ತೆರೆಸುವುದಿಲ್ಲ. ಇದನ್ನು ಸಂಸತ್ತೇ ಸರಿಪಡಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಭಾರತದ ಜೊತೆ ತುಲನೆ ಕೇಳಿದರೆ ಉತ್ತರದಲ್ಲಿ ಇಷ್ಟು ಸೇರಿಸಿ. ಸಮಾನತಾ ಕಾಯ್ದೆಯ ಸೆಕ್ಷನ್ 212ರಂತೆ ಮಹಿಳೆ ಎಂದರೆ ಯಾವುದೇ ವಯಸ್ಸಿನ ಹೆಣ್ಣು. ನಮ್ಮ ಭಾರತೀಯ ನ್ಯಾಯ ಸಂಹಿತೆಯ 2(35)ರ ಮಾತೂ ಹೆಚ್ಚುಕಡಿಮೆ ಅದೇ. ಆದರೆ ಮದುವೆಯ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2019ರಲ್ಲಿ ಬೇರೆ ದಾರಿ ಹಿಡಿಯಿತು. ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕು ಟ್ರಾನ್ಸ್ ವ್ಯಕ್ತಿಗಳಿಗಿದೆ ಎಂದ ನಮ್ಮ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪನ್ನು ಆಧರಿಸಿ, ಹಿಂದೂ ವಿವಾಹ ಕಾಯ್ದೆಯ ‘ವಧು’ ಎಂಬುದರಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾರೆ ಎಂದಿತು. ತೂತ್ತುಕುಡಿಯಲ್ಲಿ ಅಧಿಕಾರಿಗಳು ನಿರಾಕರಿಸಿದ್ದ ಮದುವೆಯನ್ನು ನೋಂದಾಯಿಸಲು ಆದೇಶಿಸಿತು.