ಪ್ರೀತೀಶ್ ನಂದಿ ನಿರ್ದೇಶಿಸಿದ ಸಿನಿಮಾಗಳು ಯಾವುವು?

ಪ್ರಶ್ನೆ: ಪತ್ರಕರ್ತರಾಗಿದ್ದ ಪ್ರೀತೀಶ್ ನಂದಿ ಸಿನಿಮಾ ನಿರ್ದೇಶಕರಾದದ್ದು ಹೇಗೆ? ಅವರ ನಿರ್ದೇಶನದ ಚಿತ್ರಗಳಲ್ಲಿ ಮೊದಲು ಯಾವುದನ್ನು ನೋಡಬೇಕು?

ಉತ್ತರ: 2025ರ ಜನವರಿ 8ರಂದು ಅವರು ಮುಂಬೈಯಲ್ಲಿ ತೀರಿಕೊಂಡ ಮೇಲಂತೂ ಈ ಪ್ರಶ್ನೆ ನಿಂತೇ ಇಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಬರುತ್ತದೆ. ಆದ್ದರಿಂದ ಈ ಸಲ ಒಂದೊಂದಾಗಿ ಬಿಡಿಸಿಯೇ ಹೇಳುತ್ತೇನೆ. ನೀವೆಲ್ಲ ಹೆಸರು ಹೇಳಿ ಕೇಳುವ ಚಿತ್ರಗಳಲ್ಲಿ ಒಂದನ್ನೂ ನಂದಿ ನಿರ್ದೇಶಿಸಿಲ್ಲ. ಅವರು ನಿರ್ಮಾಪಕರು.

'ಝಂಕಾರ್ ಬೀಟ್ಸ್' ನಿರ್ದೇಶಿಸಿದ್ದು ಸುಜೋಯ್ ಘೋಷ್. ಅದು ಅವರ ಮೊದಲ ಚಿತ್ರ. ಮುಂದೆ 'ಕಹಾನಿ' ಮಾಡಿದವರೂ ಇವರೇ. 'ಪ್ಯಾರ್ ಕೆ ಸೈಡ್ ಎಫೆಕ್ಟ್ಸ್' ಸಾಕೇತ್ ಚೌಧರಿ ಅವರದು. ನಕ್ಸಲ್ ಚಳವಳಿ, ತುರ್ತು ಪರಿಸ್ಥಿತಿಯ ಕಾಲವನ್ನು ಹಿಡಿದಿಟ್ಟ 'ಹಜಾರೋಂ ಖ್ವಾಯಿಶೇಂ ಐಸಿ' ಸುಧೀರ್ ಮಿಶ್ರಾ ಅವರದು. ಮೊದಲು ನೋಡಬೇಕಾದದ್ದು ಯಾವುದು ಎಂದು ಕೇಳಿದಿರಲ್ಲ, ಇದನ್ನೇ ನೋಡಿ. 'ಚಮೇಲಿ'ಯ ಕಥೆ ಬೇರೆ. ಅನಂತ್ ಬಲಾನಿ ಅದನ್ನು ಶುರುಮಾಡಿದ್ದರು. ಚಿತ್ರ ಮುಗಿಯುವ ಮೊದಲೇ, 2003ರಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಸುಧೀರ್ ಮಿಶ್ರಾ ಬಂದು ಪೂರ್ತಿಗೊಳಿಸಿದರು. ನಿರ್ದೇಶಕನೇ ಇಲ್ಲವಾದಾಗ ಚಿತ್ರ ನಿಲ್ಲದಂತೆ ನೋಡಿಕೊಳ್ಳುವ ಹೊಣೆ ಯಾರದು? ನಿರ್ಮಾಪಕನದು. ಅದನ್ನು ಬರೀ ದುಡ್ಡು ಹಾಕುವ ಕೆಲಸ ಎಂದು ತಳ್ಳಿಹಾಕುವುದೂ ತಪ್ಪು, ನಿರ್ದೇಶನ ಎಂದು ಕರೆಯುವುದೂ ತಪ್ಪು. 'ನಾಗರಹಾವು' ವೀರಾಸ್ವಾಮಿಯವರ ನಿರ್ದೇಶನ ಎಂದು ಯಾರಾದರೂ ಅಂದರೆ ನಾವು ಸುಮ್ಮನಿರುತ್ತೇವೆಯೇ? ಪುಟ್ಟಣ್ಣನವರ ಹೆಸರು ಹೇಳದೆ ಬಿಡುತ್ತೇವೆಯೇ? ಹಿಂದಿ ಚಿತ್ರಗಳಿಗೂ ಅಷ್ಟೇ ನ್ಯಾಯ ಸಲ್ಲಬೇಕು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ನಂದಿಯವರ ಮಗ ಕುಶನ್ ನಂದಿ ನಿಜವಾಗಿಯೂ ನಿರ್ದೇಶಕರು. 2017ರ 'ಬಾಬುಮೊಶಾಯ್ ಬಂದೂಕ್‌ಬಾಜ್' ಅವರದು. ಮಗನ ಖಾತೆಯದನ್ನು ತಂದೆಯ ಖಾತೆಗೆ ಬರೆಯಬೇಡಿ.

ಇನ್ನು 'ಪತ್ರಿಕೆ ಬಿಟ್ಟು ಸಿನಿಮಾಕ್ಕೆ ಹೋದರು' ಎನ್ನುವುದರ ಬಗ್ಗೆ. ನಂದಿ 1951ರಲ್ಲಿ ಬಿಹಾರದ ಭಾಗಲ್ಪುರದಲ್ಲಿ, ಬಂಗಾಳಿ ಮನೆತನದಲ್ಲಿ ಹುಟ್ಟಿದವರು. ಓದಿದ್ದು ಕಲ್ಕತ್ತೆಯಲ್ಲಿ. ಚಿಂತಕ ಆಶಿಶ್ ನಂದಿ ಇವರ ಅಣ್ಣ. ಮೊದಲ ಕವನ ಸಂಕಲನ ಬಂದದ್ದು 1967ರಲ್ಲಿ, ಹದಿನಾರರ ಹರೆಯದಲ್ಲಿ. ಇಂಗ್ಲಿಷ್‌ನಲ್ಲಿ ಬರೆದರು, ಬಂಗಾಳಿ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಪದ್ಮಶ್ರೀ 1977ರಲ್ಲೇ ಬಂತು, ಸಾಹಿತ್ಯಕ್ಕಾಗಿ. ಎಂಬತ್ತರ ದಶಕದಲ್ಲಿ 'ಇಲ್ಲಸ್ಟ್ರೇಟೆಡ್ ವೀಕ್ಲಿ' ಎಂಬ ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕರಾದರು. 1993ರಲ್ಲಿ ಪ್ರೀತೀಶ್ ನಂದಿ ಕಮ್ಯುನಿಕೇಷನ್ಸ್ ಎಂಬ ಕಂಪನಿ ಕಟ್ಟಿದರು, ಮುಂದೆ ಈ ಚಿತ್ರಗಳನ್ನು ನಿರ್ಮಿಸಿದ್ದು ಅದೇ. 1998ರಿಂದ ಆರು ವರ್ಷ ಶಿವಸೇನೆಯಿಂದ ರಾಜ್ಯಸಭೆಯಲ್ಲಿದ್ದರು. ಅವರು ಕಸುಬು ಬದಲಿಸಿದರು ಎಂದು ನನಗೆ ಅನ್ನಿಸುವುದಿಲ್ಲ. ಯಾರ ಕೈಗೆ ಎಷ್ಟು ಪುಟ ಕೊಡಬೇಕು, ಯಾವ ಹೊಸಬನನ್ನು ನಂಬಬೇಕು ಎಂದು ತೀರ್ಮಾನಿಸುವವನು ಸಂಪಾದಕ. ಸುಜೋಯ್ ಘೋಷ್ ಅವರಂಥ ಹೊಸಬರ ಕೈಗೆ ಚಿತ್ರ ಕೊಟ್ಟಾಗಲೂ ನಂದಿ ಮಾಡಿದ್ದು ಅದನ್ನೇ.

ಅವರ ಕಸುಬುದಾರಿಕೆ ನೋಡಬೇಕೆಂದರೆ 1985ರಲ್ಲಿ ಕಿಶೋರ್ ಕುಮಾರ್ ಜತೆ ನಡೆಸಿದ ಸಂದರ್ಶನ ಹುಡುಕಿ ಓದಿ. ತನಗೆ ಸ್ನೇಹಿತರೇ ಇಲ್ಲ, ಮನೆಯಂಗಳದ ಮರಗಳೇ ಗೆಳೆಯರು ಎನ್ನುತ್ತಾರೆ ಕಿಶೋರ್. ಆ ಮರಗಳಿಗೆ ಜನಾರ್ದನ, ರಘುನಂದನ ಎಂದೆಲ್ಲ ಹೆಸರು. ನಂದಿ ನಡುವೆ ಬಾಯಿ ಹಾಕಿ ಬುದ್ಧಿ ಹೇಳಲು ಹೋಗುವುದಿಲ್ಲ, ತಮಾಷೆಯನ್ನೂ ಮಾಡುವುದಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆ ಕೇಳುತ್ತಾ ಮಾತು ಹರಿಯಲು ಬಿಡುತ್ತಾರೆ. ಹುಚ್ಚಾಟವೆಂದು ಜನ ನಗುತ್ತಿದ್ದುದರ ಹಿಂದಿನ ಒಂಟಿತನ ಅಲ್ಲಿ ತಾನಾಗಿ ಹೊರಬೀಳುತ್ತದೆ. ಪತ್ರಿಕೋದ್ಯಮ ಕಲಿಯುವ ಮಕ್ಕಳಿಗೆ ಇದನ್ನು ತಪ್ಪದೆ ಓದಿಸಬೇಕು.

ವೀಕ್ಲಿಯ ಮಾತು ಬಂದದ್ದಕ್ಕೆ ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹಿಂದೆ ಅದರ ಸಂಪಾದಕರಾಗಿದ್ದ ಖುಷ್ವಂತ್ ಸಿಂಗ್ ಎದ್ದ ಕುರ್ಚಿಯಲ್ಲಿ ನೇರವಾಗಿ ನಂದಿ ಬಂದು ಕೂತರು ಎಂಬಂತೆ ಬಹಳ ಜನ ಬರೆಯುತ್ತಾರೆ. ಖುಷ್ವಂತ್ ಅವರನ್ನು ಮನೆಗೆ ಕಳಿಸಿದ್ದು 1978ರಲ್ಲಿ. ಆಮೇಲೆ ಆ ಜಾಗಕ್ಕೆ ಬಂದವರು ನಮ್ಮ ಉಡುಪಿಯ ಎಂ.ವಿ. ಕಾಮತ್. ವಾಷಿಂಗ್ಟನ್‌ನಲ್ಲಿ ವರದಿಗಾರರಾಗಿದ್ದ ಕಾಮತ್ ಮುಂದೆ ಪ್ರಸಾರ ಭಾರತಿಯ ಅಧ್ಯಕ್ಷರೂ ಆದರು, ಕೊನೆಯ ದಿನಗಳನ್ನು ಮಣಿಪಾಲದಲ್ಲಿ ಕಳೆದು 2014ರಲ್ಲಿ ತೀರಿಕೊಂಡರು. ಕನ್ನಡ ನೆಲದ ಸಂಪಾದಕರೊಬ್ಬರನ್ನು ಕನ್ನಡದಲ್ಲಿ ಬರೆಯುವವರೇ ಹಾರಿಸಿಬಿಡುವುದು ನನಗೆ ಸಹಿಸುವುದಿಲ್ಲ. ವೀಕ್ಲಿ ನಂದಿಯವರ ಕೈಯಲ್ಲೇ ಮುಚ್ಚಿತು ಎನ್ನುವವರೂ ಇದ್ದಾರೆ. ಅವರು ಬಿಟ್ಟದ್ದು 1991ರಲ್ಲಿ, ಪತ್ರಿಕೆ ನಿಂತದ್ದು 1993ರಲ್ಲಿ.