ಮೂರು ದೋಣಿಯಲ್ಲಿ ಕಾಲಿಟ್ಟ ಹುಡುಗ: ಒಂದು ಫ್ರೆಂಚ್ ಬೇಸಿಗೆಯ ಹಿನ್ನೆಲೆ

ಸೋಮವಾರ, ಜುಲೈ 17. ಚಿತ್ರದ ಶುರುವಿನಲ್ಲೇ ಈ ತಾರೀಕು ಕಾಣುತ್ತದೆ. ಫ್ರಾನ್ಸಿನ ಬ್ರಿಟನಿ ಕರಾವಳಿಯ ದಿನಾರ್ ಎಂಬ ಊರಿಗೆ ಹುಡುಗನೊಬ್ಬ ಬೋಟಿನಲ್ಲಿ ಬಂದಿಳಿಯುತ್ತಾನೆ. ಜೊತೆಗೆ ಒಂದು ಬ್ಯಾಗು, ಒಂದು ಗಿಟಾರು. ಹೆಸರು ಗಾಸ್ಪಾರ್. ಗಣಿತ ಓದು ಮುಗಿಸಿದ್ದಾನೆ, ಇನ್ನು ಸ್ವಲ್ಪ ದಿನಕ್ಕೆ ನಾಂತ್ ನಗರದಲ್ಲಿ ಕೆಲಸಕ್ಕೆ ಸೇರಬೇಕು. ಅಲ್ಲಿಯವರೆಗೆ ರಜೆ. ಊರು ಸುತ್ತುತ್ತಾನೆ, ಗಿಟಾರು ಮೀಟುತ್ತಾನೆ, ಒಬ್ಬನೇ ಕಡಲ ದಂಡೆಯಲ್ಲಿ ನಡೆಯುತ್ತಾನೆ. ಮೊದಲ ಕೆಲವು ನಿಮಿಷ ಹೆಚ್ಚುಕಮ್ಮಿ ಮಾತೇ ಇಲ್ಲ.

ಕ್ಯಾಲೆಂಡರ್ ತೆಗೆದು ನೋಡಿ. 1995ರಲ್ಲಿ ಜುಲೈ 17 ಸೋಮವಾರವೇ ಬಿದ್ದಿತ್ತು. ಫ್ರೆಂಚ್ ನಿರ್ದೇಶಕ ಎರಿಕ್ ರೋಮೆರ್ ಈ ಚಿತ್ರ ಮಾಡಿದ್ದು ಆ ಬೇಸಿಗೆಯಲ್ಲೇ. ಹೆಸರು 'ಕೋಂತ್ ದೆತೆ', ಅಂದರೆ ಬೇಸಿಗೆಯ ಕಥೆ. ತೆರೆಗೆ ಬಂದದ್ದು 1996ರಲ್ಲಿ. ಕಥೆ ಹೇಳುವುದಾದರೆ ಎರಡೇ ಸಾಲು: ಮೂವರು ಹುಡುಗಿಯರ ನಡುವೆ ಒಬ್ಬ ಹುಡುಗ ಸಿಕ್ಕಿಕೊಳ್ಳುತ್ತಾನೆ, ಮೂರು ವಾರ ಕಳೆದರೂ ಯಾರೆಂದು ತೀರ್ಮಾನಿಸುವುದಿಲ್ಲ. ಇಷ್ಟನ್ನೇ ಇಟ್ಟುಕೊಂಡು ಇಷ್ಟು ಚಂದದ ಚಿತ್ರ ಹೇಗಾಯಿತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಿನಿಮಾದಿಂದಲೂ ಆಚೆಗೆ.

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ದಿನಾರ್ ಸಿರಿವಂತರ ಊರು. ಇಂಗ್ಲಿಷರು ಬಂದು ಬಂಡೆಗಳ ಮೇಲೆ ದೊಡ್ಡ ದೊಡ್ಡ ಬಂಗಲೆ ಕಟ್ಟಿಸಿದರು. ಸಮುದ್ರ ನೋಡುವುದಕ್ಕೆಂದೇ ವಾರಗಟ್ಟಲೆ ಇರುವುದು ದುಡ್ಡಿದ್ದವರಿಗೆ ಮಾತ್ರ ಸಾಧ್ಯವಿತ್ತು. ಕಾರ್ಖಾನೆಯ ಕೂಲಿಯವನಿಗೆ ರಜೆ ಎಂದರೆ ಆ ದಿನದ ಸಂಬಳ ಹೋಯಿತು ಅಂತಲೇ ಅರ್ಥ.

ಇದು ಬದಲಾದದ್ದು 1936ರಲ್ಲಿ. ಆ ವರ್ಷ ಎಡಪಕ್ಷಗಳ ಕೂಟ ಚುನಾವಣೆ ಗೆದ್ದಿತು. ಬೆನ್ನಲ್ಲೇ ದೇಶದ ತುಂಬ ಮುಷ್ಕರ. ಲಿಯೋನ್ ಬ್ಲೂಮ್ ಸರ್ಕಾರ ಜೂನ್ ತಿಂಗಳಲ್ಲಿ ಕಾನೂನು ತಂದು, ದುಡಿಯುವವರಿಗೆಲ್ಲ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ಲಿಯೋ ಲಾಗ್ರಾಂಜ್ ಎಂಬ ಉಪಸಚಿವ ರೈಲು ಟಿಕೆಟ್ಟಿಗೆ ಶೇ. 40 ರಿಯಾಯಿತಿ ಕೊಡಿಸಿದ. ಆ ಬೇಸಿಗೆಯಲ್ಲಿ ಎಷ್ಟೋ ಸಂಸಾರಗಳು ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದವು. ಆಮೇಲೆ ರಜೆ ಬೆಳೆಯುತ್ತಲೇ ಹೋಯಿತು. 1956ರಲ್ಲಿ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಮನಸ್ಸು ಗಟ್ಟಿ ಮಾಡಿಕೊಳ್ಳದೆ ಓಡಾಡುವುದಕ್ಕೂ ಪುರುಸೊತ್ತು ಬೇಕು. ಬೆಳಗಾದರೆ ಕೆಲಸಕ್ಕೆ ಓಡುವವನಿಗೆ ಮೂವರ ಜೊತೆ ದಂಡೆಯ ಮೇಲೆ ಗಂಟೆಗಟ್ಟಲೆ ನಡೆಯಲು ಎಲ್ಲಿ ಆಗುತ್ತದೆ? ಆ ಖಾಲಿ ಹೊತ್ತನ್ನು ಫ್ರೆಂಚರಿಗೆ ಒಂದು ಕಾನೂನು ತಂದುಕೊಟ್ಟಿತು. ಸಿನಿಮಾದವರು ಅದನ್ನು ಬೇಗನೆ ಕಂಡುಕೊಂಡರು.

1960ರ ದಶಕದ ಆರಂಭದಲ್ಲಿ ಜಾಕ್ ರೋಜಿಯೆ 'ಅದ್ಯೂ ಫಿಲಿಪೀನ್' ಎಂಬ ಚಿತ್ರ ಮಾಡಿದರು. ಟಿವಿ ಕಚೇರಿಯ ಒಬ್ಬ ಹುಡುಗ, ಇಬ್ಬರು ಗೆಳತಿಯರು, ಕಾರ್ಸಿಕಾ ದ್ವೀಪದ ಬಿಸಿಲು. ಇಬ್ಬರಲ್ಲಿ ಯಾರು ಎಂದು ಅವನೂ ತೀರ್ಮಾನಿಸುವುದಿಲ್ಲ. ಆದರೆ ಅವನ ತಲೆಯ ಮೇಲೆ ಸೈನ್ಯದ ಕರೆ ತೂಗುತ್ತಿದೆ, ಅಲ್ಜೀರಿಯಾದಲ್ಲಿ ಯುದ್ಧ ನಡೆಯುತ್ತಿದೆ. ಕೊನೆಗೆ ಹಡಗು ಹತ್ತುತ್ತಾನೆ, ಹುಡುಗಿಯರು ದಡದಿಂದ ಕೈ ಬೀಸುತ್ತಾರೆ. ಈ ಹಡಗನ್ನು ನೆನಪಿಡಿ. ಮೂವತ್ತು ವರ್ಷ ದಾಟಿದ ಮೇಲೆ ದಿನಾರ್‌ನಲ್ಲಿ ಇನ್ನೊಂದು ಬೋಟ್ ಹೊರಡುತ್ತದೆ.

ರೋಮೆರ್ ನಿಜವಾದ ಹೆಸರು ಮೋರಿಸ್ ಶೇರೆ. 1920ರಲ್ಲಿ ಹುಟ್ಟಿದವರು, ಮೊದಲು ಮೇಷ್ಟ್ರಾಗಿದ್ದರು, ಆಮೇಲೆ 'ಕಾಯೆ ದ್ಯು ಸಿನೆಮಾ' ಪತ್ರಿಕೆಯ ಸಂಪಾದಕರಾದರು. ತಮ್ಮ ಚಿತ್ರಗಳಲ್ಲಿ ರಜೆಯ ದಿನಗಳಿಗೆ ಅವರು ಮತ್ತೆ ಮತ್ತೆ ಮರಳಿದರು. 1967ರಲ್ಲಿ ಮೆಡಿಟರೇನಿಯನ್ ತೀರದ ಒಂದು ಮನೆ, 1970ರಲ್ಲಿ ಆನ್ಸಿ ಸರೋವರ, 1983ರಲ್ಲಿ ನಾರ್ಮಂಡಿಯ ಕಡಲ ದಂಡೆ. 1986ರಲ್ಲಿ ಬಂದ 'ಲ ರೇಯೋ ವೇರ್' ಚಿತ್ರದಲ್ಲಿ ಒಬ್ಬಳು ಹುಡುಗಿಯ ರಜೆಯ ಯೋಜನೆ ಕೈಕೊಡುತ್ತದೆ. ಎಲ್ಲಿಗೆ ಹೋದರೂ ಅವಳಿಗೆ ಒಗ್ಗುವುದಿಲ್ಲ. ಆ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ, ಚಿನ್ನದ ಸಿಂಹ, ಬಂತು. ದಿನದಿನದ ತಾರೀಕು ತೋರಿಸುವ ಪದ್ಧತಿ ಅಲ್ಲೂ ಇದೆ.

ನಾಲ್ಕು ಋತುಗಳ ಮೇಲೆ ನಾಲ್ಕು ಚಿತ್ರ ಮಾಡಲು ರೋಮೆರ್ ಹೊರಟಾಗ ವಸಂತ 1990ರಲ್ಲಿ, ಚಳಿಗಾಲ 1992ರಲ್ಲಿ ಬಂದವು. ಮೂರನೆಯದು ಬೇಸಿಗೆ. ಆಗ ಅವರಿಗೆ 75 ವರ್ಷ. ಆ ವಯಸ್ಸಿನಲ್ಲಿ ಇಪ್ಪತ್ತರ ಹುಡುಗನ ಗೊಂದಲವನ್ನು ಬೈಯದೆ, ಕನಿಕರವನ್ನೂ ಸುರಿಯದೆ ಹತ್ತಿರದಿಂದ ನೋಡಿದ್ದಾರೆ. ನನಗೆ ಈ ಚಿತ್ರದ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಗಾಸ್ಪಾರ್ ಬಂದಿರುವುದು ಲೆನಾಗಾಗಿ. ಅವಳು ಸ್ಪೇನಿನಲ್ಲಿದ್ದಾಳೆ, ಬರುತ್ತೇನೆ ಅಂದಿದ್ದಾಳೆ, ಬರುತ್ತಿಲ್ಲ. ಅಷ್ಟರಲ್ಲಿ ಮಾರ್ಗೋ ಸಿಗುತ್ತಾಳೆ. ಜನಪದ ಬದುಕಿನ ಬಗ್ಗೆ ಸಂಶೋಧನೆ ಮಾಡುತ್ತಿರುವ ಹುಡುಗಿ, ರಜೆಯಲ್ಲಿ ಚಿಕ್ಕಮ್ಮನ ಹೋಟೆಲಿನಲ್ಲಿ ಕ್ರೇಪ್ ಬಡಿಸುತ್ತಾಳೆ. ಕ್ರೇಪ್ ಎಂದರೆ ನೋಡಲು ನಮ್ಮ ತೆಳು ದೋಸೆಯ ಹಾಗೇ. ಅವಳ ಗೆಳೆಯ ಬಹುದೂರದಲ್ಲಿದ್ದಾನೆ. ಆಮೇಲೆ ಸೊಲೆನ್, ಬೇಕು ಬೇಡ ಎರಡನ್ನೂ ನೇರವಾಗಿ ಹೇಳುವವಳು. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತಾರಲ್ವಾ, ಇವನು ಮೂರರಲ್ಲಿ ಇಟ್ಟಿದ್ದಾನೆ. ವೆಸ್ಸಾಂ ಎಂಬ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ ಎಂಬ ಮಾತು ಮೂವರಿಗೂ ಹೋಗಿದೆ.

ಹುಡುಗನ ಮನಸ್ಸು ನಿಮಗೆ ಪೂರ್ತಿ ತಿಳಿಯಬೇಕಾದರೆ ಒಂದು ಹಾಡಿನ ಜಾಡು ಹಿಡಿಯಿರಿ. ಮಾರ್ಗೋ ತನ್ನ ಸಂಶೋಧನೆಗೆಂದು ಹಳೆಯ ನಾವಿಕನೊಬ್ಬನ ಮನೆಗೆ ಇವನನ್ನೂ ಕರೆದುಕೊಂಡು ಹೋಗುತ್ತಾಳೆ. ಮೀನು ಹಿಡಿಯಲು ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೋಗುತ್ತಿದ್ದವರ ಕಾಲದ ಮನುಷ್ಯ ಆತ. ಅಲ್ಲಿ ಕೇಳಿದ ಕಡಲ ಹಾಡಿನ ಗುಂಗಿನಲ್ಲಿ ಗಾಸ್ಪಾರ್ ಕಡಲ್ಗಳ್ಳನ ಮಗಳ ಮೇಲೆ ಒಂದು ಹಾಡು ಕಟ್ಟುತ್ತಾನೆ. ಎದುರಿನ ಸಾಂ ಮಾಲೋ ಅಂಥ ಕಡಲ್ಗಳ್ಳರಿಗೇ ಹೆಸರಾದ ಊರು. ಹಾಡು ಕಟ್ಟಿದ್ದು ಲೆನಾಗೆ. ಅದನ್ನು ಕೊಟ್ಟದ್ದು ಸೊಲೆನ್‌ಗೆ. ಅದು ಹುಟ್ಟಲು ಕಾರಣಳಾದವಳು ಮಾರ್ಗೋ. ಬೋಟಿನ ಮೇಲೆ ಅಕಾರ್ಡಿಯನ್ ಜೊತೆಗೆ ಸೊಲೆನ್ ಅದನ್ನು ಹಾಡುವಾಗ ಮನಸ್ಸು ಎಷ್ಟು ತುಂಬಿ ಬರುತ್ತದೆ, ಅಷ್ಟೇ ಮುಜುಗರವೂ ಆಗುತ್ತದೆ. ಚಿತ್ರದ ಸಂಗೀತಕ್ಕೆ ಸೆಬಾಸ್ಟಿಯನ್ ಎರ್ಮ್ಸ್ ಎಂಬ ಹೆಸರಿದೆ. ಅಂಥ ಮನುಷ್ಯ ಯಾರೂ ಇಲ್ಲ. ಎರಿಕ್ ರೋಮೆರ್ ಮತ್ತು ಸಂಕಲನಕಾರ್ತಿ ಮೇರಿ ಸ್ಟೀಫನ್ ತಮ್ಮ ಹೆಸರುಗಳ ಮೊದಲ ಅಕ್ಷರ ಸೇರಿಸಿ ಕಟ್ಟಿಕೊಂಡ ಹೆಸರು ಅದು.

ಉಳಿದದ್ದೆಲ್ಲ ನಡಿಗೆ ಮತ್ತು ಮಾತು. ಇಲ್ಲಿನ ಸಮುದ್ರ ಇಳಿತದ ಹೊತ್ತಿಗೆ ಬಹಳ ದೂರ ಸರಿಯುತ್ತದೆ. ದೊಡ್ಡ ಉಬ್ಬರದ ದಿನ ನೀರಿನ ಏರಿಳಿತ 12 ಮೀಟರ್ ದಾಟುತ್ತದೆ. ದಿನಾರ್ ಮತ್ತು ಸಾಂ ಮಾಲೋ ನಡುವಿನ ರಾನ್ಸ್ ನದಿಯ ಬಾಯಲ್ಲಿ 1966ರಿಂದ ಇದೇ ಉಬ್ಬರದಿಂದ ಕರೆಂಟು ತೆಗೆಯುತ್ತಿದ್ದಾರೆ. ನೀರು ಸರಿದಾಗ ತೆರೆದುಕೊಳ್ಳುವ ಆ ಅಗಲವಾದ ಮರಳಿನ ಮೇಲೆ ಗಾಸ್ಪಾರ್ ಮತ್ತು ಮಾರ್ಗೋ ನಡೆಯುತ್ತಾರೆ. ಅವನು ಬೇರೆ ಹುಡುಗಿಯರ ವಿಷಯ ಹೇಳುತ್ತಾನೆ, ಅವಳು ಕೇಳುತ್ತಾಳೆ, ಛೇಡಿಸುತ್ತಾಳೆ, ಒಮ್ಮೊಮ್ಮೆ ಸಿಟ್ಟಾಗಿ ಹೊರಟುಬಿಡುತ್ತಾಳೆ. ಇವರ ಮಾತಿನಲ್ಲಿ ಸೋಗಿಲ್ಲ. ಅವನು ನಿಜ ಹೇಳುವುದು ಇವಳೊಬ್ಬಳ ಹತ್ತಿರ ಮಾತ್ರ, ಅದು ಅವನಿಗೇ ಗೊತ್ತಾಗುವುದಿಲ್ಲ.

ಮಾರ್ಗೋ ಪಾತ್ರ ಮಾಡಿದ್ದು ಅಮಾಂಡಾ ಲಾಂಗ್ಲೆ. 1983ರ ನಾರ್ಮಂಡಿ ಚಿತ್ರದಲ್ಲಿ ದೊಡ್ಡವರ ಪ್ರೇಮದ ಮಾತುಗಳನ್ನು ಸುಮ್ನೆ ಕೂತು ಕೇಳಿದ ಹದಿಹರೆಯದ ಹುಡುಗಿ ಇವಳೇ. ಹದಿಮೂರು ವರ್ಷ ಕಳೆದ ಮೇಲೆ ಇನ್ನೊಂದು ಕಡಲ ದಂಡೆಯಲ್ಲಿ ಮತ್ತೆ ಕೇಳುತ್ತಿದ್ದಾಳೆ. ಆದರೆ ಈ ಸಲ ಕೇಳುವವಳ ಮನಸ್ಸಿಗೂ ನೋವಾಗುತ್ತಿದೆ.

1996ರಲ್ಲಿ ಚಿತ್ರ ಕಾನ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ಅಮೆರಿಕದ ಥಿಯೇಟರುಗಳಿಗೆ ಮೊದಲ ಸಲ ಬಿಡುಗಡೆಯಾಗಿ ಬಂದದ್ದು 2014ರಲ್ಲಿ, ರೋಮೆರ್ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ. ಹದಿನೆಂಟು ವರ್ಷ ತಡ. ಆದರೂ ಹಳತಾಗಿರಲಿಲ್ಲ.

ಕೊನೆಯ ತಾರೀಕು ಭಾನುವಾರ, ಆಗಸ್ಟ್ 6. ಲೆನಾ, ಸೊಲೆನ್ ಇಬ್ಬರೂ ವೆಸ್ಸಾಂಗೆ ಹೊರಡೋಣ ಅನ್ನುತ್ತಿದ್ದಾರೆ. ಅಷ್ಟರಲ್ಲಿ ಫೋನು ಬರುತ್ತದೆ. ಲಾ ರೊಶೆಲ್ ಎಂಬ ಊರಿನಲ್ಲಿ ಎಂಟು ಟ್ರ್ಯಾಕಿನ ಟೇಪ್ ರೆಕಾರ್ಡರ್ ಒಂದು ಕಡಿಮೆ ಬೆಲೆಗೆ ಇದೆ, ಈಗಲೇ ಬರಬೇಕು. ಕಾರ್ಸಿಕಾದ ಹುಡುಗನನ್ನು ಯುದ್ಧ ಕರೆದಿತ್ತು, ಇವನನ್ನು ಟೇಪ್ ರೆಕಾರ್ಡರ್ ಕರೆಯಿತು. ದಂಡೆಗೆ ಬಿಟ್ಟುಬರಲು ಜೊತೆಗೆ ಬಂದವಳು ಮಾರ್ಗೋ. ಅಲ್ಲಿ ಇಬ್ಬರೂ ಒಮ್ಮೆ ಮುತ್ತಿಡುತ್ತಾರೆ. ಆಮೇಲೆ ಬೋಟ್ ಹೊರಡುತ್ತದೆ.